ಮಾವನ ನಾಲ್ಕು ರಾಜಧಾನಿಗಳು

(ತುಮಕೂರಿನಲ್ಲಿ ಓದುಗರ ಒಂದು ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರದ ಮಧ್ಯಾಹ್ನ, ಅದೂ ಮದುವೆ ಸೀಸನ್ನಿನಲ್ಲಿ ಇಷ್ಟು ಜನ ಬಂದಿದ್ದೀರಿ. ಪಾವಗಡದಿಂದಲೂ ನಾಲ್ಕೈದು ಜನ ಬಂದಿದ್ದಾರೆ ಅಂತ ಈಗಷ್ಟೇ ಗೊತ್ತಾಯಿತು. ತುಂಬಾ ಸಂತೋಷ.

ನಾನು ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ನಮ್ಮ ಶಾಲೆಯ ಗೋಡೆಯ ಮೇಲೆ ರಾಜ್ಯಗಳು, ರಾಜಧಾನಿಗಳು ಅಂತ ಒಂದು ಚಾರ್ಟ್ ಇತ್ತು. ಮಕ್ಕಳು ಅದನ್ನು ಮಗ್ಗಿ ಹೇಳುವ ರಾಗದಲ್ಲೇ ಹೇಳುತ್ತಿದ್ದರು. ಅಸ್ಸಾಂ ದಿಸ್ಪುರ, ಬಿಹಾರ ಪಟ್ನಾ, ಗುಜರಾತ್ ಗಾಂಧಿನಗರ. 2000ನೇ ಇಸವಿ ನವೆಂಬರಿನಲ್ಲಿ ಒಂದೇ ತಿಂಗಳಲ್ಲಿ ಮೂರು ರಾಜ್ಯ ಹುಟ್ಟಿದವು. 1ನೇ ತಾರೀಕು ಛತ್ತೀಸಗಢ, 9ಕ್ಕೆ ಉತ್ತರಾಂಚಲ (ಈಗಿನ ಉತ್ತರಾಖಂಡ), 15ಕ್ಕೆ ಜಾರ್ಖಂಡ್. ಹೊಸ ಚಾರ್ಟಿಗೆ ಶಾಲೆಯಲ್ಲಿ ದುಡ್ಡಿರಲಿಲ್ಲ. ಮೈದಾ ಹಿಟ್ಟಿನ ಅಂಟು ಕಾಯಿಸಿ, ಬಿಳಿ ಹಾಳೆಯ ಚೂರುಗಳಲ್ಲಿ ರಾಯಪುರ, ಡೆಹ್ರಾಡೂನ್, ರಾಂಚಿ ಅಂತ ಬರೆದು ಅಂಟಿಸುತ್ತಾ ನಿಂತಿದ್ದೆ. ಅಂಟಿನ ಬಟ್ಟಲು ಹಿಡಿದುಕೊಂಡಿದ್ದ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು: "ಮೇಡಂ, ಹೋದ ತಿಂಗಳು ರಾಜಧಾನಿ ಅಲ್ಲದ ಊರು ಈ ತಿಂಗಳು ಹೇಗೆ ಆಯ್ತು? ಯಾರು ಹೇಳಿದ್ದು?"

ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದೆ. ನಿಜ ಹೇಳಬೇಕೆಂದರೆ, ಆ ನಾಳೆ ಇವತ್ತು ಬಂದಿದೆ ಅಂದುಕೊಳ್ಳಿ.

ಅವತ್ತು ಸಂಜೆ ಸಂವಿಧಾನದ ಪುಸ್ತಕ ತೆಗೆದು ಕೂತೆ. ಮೊದಲನೇ ಅನುಸೂಚಿಯಲ್ಲಿ ಎಲ್ಲ ರಾಜ್ಯಗಳ ಹೆಸರಿದೆ, ಕೇಂದ್ರಾಡಳಿತ ಪ್ರದೇಶಗಳ ಹೆಸರಿದೆ. ಇವತ್ತಿನ ಲೆಕ್ಕದಲ್ಲಿ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ಆದರೆ ರಾಜ್ಯದ ರಾಜಧಾನಿ ಯಾವುದು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಕರ್ನಾಟಕಕ್ಕೆ ಬೆಂಗಳೂರು ಅಂತ ಕೂಡ ಇಲ್ಲ. ಹತ್ತಿರದ ಮಾತು ಸಿಗುವುದು 174ನೇ ವಿಧಿಯಲ್ಲಿ. ರಾಜ್ಯಪಾಲರು ತಮಗೆ ಸರಿ ಅನಿಸಿದ ಹೊತ್ತಿಗೆ, ಸರಿ ಅನಿಸಿದ ಜಾಗದಲ್ಲಿ ಶಾಸನಸಭೆಯನ್ನು ಕರೆಯಬಹುದು ಅಂತ ಅದು ಹೇಳುತ್ತದೆ. ಜಾಗ ಯಾವುದು ಅಂತ ಇಲ್ಲ. ಹಾಗಾಗಿ ನಾವು ಬಾಯಿಪಾಠ ಮಾಡಿಸುವ ಆ ಊರುಗಳ ಹಿಂದೆ ಯಾರೋ ಕೂತು ತೀರ್ಮಾನ ಮಾಡಿದ್ದಾರೆ. ಯಾರೋ ಅದಕ್ಕಾಗಿ ಜಗಳ ಆಡಿದ್ದಾರೆ, ಯಾರೋ ಜಮೀನು ಬಿಟ್ಟಿದ್ದಾರೆ. ಆ ಊರಿಗೆ ಹೋಗಿ ಬರುವ ಬಸ್ ಚಾರ್ಜು ಮಾತ್ರ ಎಲ್ಲೋ ದೂರದ ಹಳ್ಳಿಯವರು ಕೊಡುತ್ತಾ ಇದ್ದಾರೆ. ನನಗೆ ಮುಖ್ಯ ಅನಿಸುವುದು ಈ ಕೊನೆಯವರು.

ನನ್ನ ಸೋದರತ್ತೆಯನ್ನು ಮಡಕಶಿರಾ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ನಮ್ಮ ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಿಂದ ಆಚೆ ಕಾಲಿಟ್ಟರೆ ಮಡಕಶಿರಾ. ಆಂಧ್ರ ಅಂತಾರೆ, ಆದರೆ ಮನೆಮನೆಯಲ್ಲೂ ಕನ್ನಡ. ಮಾವ ತೀರಿಕೊಂಡ ಮೇಲೆ ಅತ್ತೆ ಅವರ ಕಬ್ಬಿಣದ ಪೆಟ್ಟಿಗೆ ತೆಗೆದು ಕಾಗದಗಳನ್ನೆಲ್ಲ ನನ್ನ ಮುಂದೆ ಸುರಿದರು. "ನೀನು ಓದಿದೋಳು, ಯಾವುದು ಇಟ್ಕೋಬೇಕು, ಯಾವುದು ಬಿಸಾಕಬೇಕು ನೋಡಮ್ಮಾ" ಅಂದರು.

ಎಲ್ಲಕ್ಕಿಂತ ಕೆಳಗಿದ್ದದ್ದು ಮಾವನ ತಂದೆ ಜಮೀನು ಕೊಂಡ ಕ್ರಯಪತ್ರ. ಛಾಪಾ ಕಾಗದದ ನೆತ್ತಿಯಲ್ಲಿ ಆರನೇ ಜಾರ್ಜ್ ದೊರೆಯ ಮುಖ. ಮಡಕಶಿರಾ ಸೇರಿದ್ದ ಅನಂತಪುರ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಮಾವ ಹುಟ್ಟಿದಾಗ ಅವರ ರಾಜಧಾನಿ ಸಮುದ್ರದ ದಂಡೆಯ ಮದರಾಸು. ಅದರ ಮೇಲೆ ಆಂಧ್ರ ರಾಜ್ಯ ಅಂತ ಮುದ್ರೆ ಇದ್ದ ಒಂದು ಕಂದಾಯದ ರಸೀದಿ. ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು 58 ದಿನ ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ಮರುವರ್ಷ ಅಕ್ಟೋಬರ್ 1ಕ್ಕೆ ತೆಲುಗರ ರಾಜ್ಯ ಹುಟ್ಟಿತು. ಮದರಾಸು ಅವರಿಗೆ ಸಿಗಲಿಲ್ಲ. ರಾಯಲಸೀಮೆಯವರಿಗೂ ಕರಾವಳಿಯವರಿಗೂ 1937ರಲ್ಲೇ ಶ್ರೀಬಾಗ್ ಒಪ್ಪಂದ ಆಗಿತ್ತು. ರಾಜಧಾನಿ ಒಬ್ಬರಿಗೆ, ಹೈಕೋರ್ಟ್ ಇನ್ನೊಬ್ಬರಿಗೆ ಅಂತ. ಅದರಂತೆ ಕರ್ನೂಲು ರಾಜಧಾನಿ ಆಯಿತು, ಗುಂಟೂರಿಗೆ ಹೈಕೋರ್ಟ್ ಹೋಯಿತು. ಕರ್ನೂಲಿನಲ್ಲಿ ಕಟ್ಟಡ ಸಾಲದೆ ಡೇರೆ ಹಾಕಿ ಕಚೇರಿ ನಡೆಸಿದರು.

ಮೂರೇ ವರ್ಷ. 1956ರ ನವೆಂಬರ್ 1ಕ್ಕೆ ಆಂಧ್ರ ಪ್ರದೇಶ ಆಯಿತು, ಹೈದರಾಬಾದ್ ರಾಜಧಾನಿ ಆಯಿತು. ಪೆಟ್ಟಿಗೆಯಲ್ಲಿ ಜಾಸ್ತಿ ಇದ್ದದ್ದು ಈ ಕಾಲದ ಕಾಗದಗಳೇ. ರೇಷನ್ ಕಾರ್ಡು, ಪಟ್ಟಾದಾರ್ ಪಾಸ್ ಬುಕ್, ಬೆಳೆ ಸಾಲದ ಚೀಟಿ. 2014ರ ಜೂನ್ 2ಕ್ಕೆ ತೆಲಂಗಾಣ ಬೇರೆ ಆಯಿತು. ಹೈದರಾಬಾದ್ ಎರಡೂ ರಾಜ್ಯಕ್ಕೆ ಹತ್ತು ವರ್ಷ ಮೀರದಂತೆ ಜಂಟಿ ರಾಜಧಾನಿ ಅಂತ ಕಾನೂನು ಮಾಡಿದರು. ಆ ಹತ್ತು ವರ್ಷ ಮುಗಿಯುವುದಕ್ಕೆ ಮುಂಚೆಯೇ ಕೃಷ್ಣಾ ನದಿ ದಂಡೆಯಲ್ಲಿ ಅಮರಾವತಿ ಶುರುವಾಗಿತ್ತು. 2015ರ ಅಕ್ಟೋಬರ್ 22ಕ್ಕೆ ಶಂಕುಸ್ಥಾಪನೆ.

ಮಾವ ಮನೆ ಬದಲಾಯಿಸಿದವರಲ್ಲ. ಅದೇ ಹಳ್ಳಿ, ಅದೇ ಜಗುಲಿ, ಅದೇ ಕಡಲೆಕಾಯಿ ಹೊಲ. ಅವರ ರಾಜಧಾನಿ ಮಾತ್ರ ಮೂರು ಸಲ ಊರು ಬದಲಾಯಿಸಿತು. ಆ ನಾಲ್ಕು ರಾಜಧಾನಿಗಳಲ್ಲಿ ಅವರು ಕಣ್ಣಾರೆ ಕಂಡದ್ದು ಹೈದರಾಬಾದ್ ಒಂದೇ, ಅದೂ ಒಂದೇ ಸಲ. ಆಸ್ಪತ್ರೆಗೆ ಬರುತ್ತಿದ್ದದ್ದು ಬೆಂಗಳೂರಿಗೆ, ಸಂತೆಗೆ ಹಿಂದೂಪುರ, ನೆಂಟರ ಮನೆಗೆ ಶಿರಾ. 2020ರಲ್ಲಿ ಆಂಧ್ರದಲ್ಲಿ ಮೂರು ರಾಜಧಾನಿಯ ಕಾನೂನು ಬಂತು. ವಿಶಾಖಪಟ್ಟಣದಲ್ಲಿ ಆಡಳಿತ, ಅಮರಾವತಿಯಲ್ಲಿ ಶಾಸನಸಭೆ, ಕರ್ನೂಲಿನಲ್ಲಿ ಹೈಕೋರ್ಟ್. ಆಗ ಮಾವ ಹಾಸಿಗೆ ಹಿಡಿದಿದ್ದರು. ಪೇಪರ್ ಓದಿ ಹೇಳಿದಾಗ, "ಕರ್ನೂಲು ಮತ್ತೆ ಬಂತಾ? ಬರಲಿ ಬಿಡು, ಅದೊಂದು ನಮಗೆ ಹತ್ರ" ಅಂದರು. ಆ ಕಾನೂನನ್ನು 2021ರ ನವೆಂಬರಿನಲ್ಲಿ ವಾಪಸ್ ತೆಗೆದುಕೊಂಡರು. ಅದನ್ನು ಕೇಳೋದಕ್ಕೆ ಮಾವ ಇರಲಿಲ್ಲ.

ಮಾವನಿಗೆ ಕರ್ನೂಲು ಹತ್ತಿರ. ಅಮರಾವತಿಯ ರೈತರ ಕಷ್ಟ ಬೇರೆಯದೇ. ಅಲ್ಲಿ ಸರ್ಕಾರ ಜಮೀನನ್ನು ನೇರವಾಗಿ ಕೊಳ್ಳಲಿಲ್ಲ. ನಿಮ್ಮ ಹೊಲ ಕೊಡಿ, ನಗರ ಆದ ಮೇಲೆ ಅದರಲ್ಲೇ ನಿಮಗೆ ಸೈಟು ಕೊಡುತ್ತೇವೆ, ಅಲ್ಲಿಯ ತನಕ ವರ್ಷಕ್ಕೆ ಇಷ್ಟು ಅಂತ ಹಣ ಕೊಡುತ್ತೇವೆ ಅಂದಿತು. ರೈತರು ಹೀಗೆ 33,000 ಎಕರೆಗೂ ಮೀರಿ ಕೊಟ್ಟರು. ಕೃಷ್ಣೆಯ ದಂಡೆಯ ಕಪ್ಪು ನೆಲ, ವರ್ಷಕ್ಕೆ ಎರಡು ಮೂರು ಬೆಳೆ ಬರುವಂಥದ್ದು. ಹೊಲ ಹೋಯಿತು, ಅರ್ಧಕ್ಕೆ ನಿಂತ ಕಟ್ಟಡಗಳ ಸುತ್ತ ಜಾಲಿ ಬೆಳೆಯಿತು. ರಾಜಧಾನಿ ಬೇರೆ ಕಡೆಗೆ ಅಂದಾಗ ಆ ಹೆಣ್ಣುಮಕ್ಕಳು ಬೀದಿಗೆ ಬಂದರು. 2021ರ ನವೆಂಬರ್, ಡಿಸೆಂಬರಿನಲ್ಲಿ ಅಮರಾವತಿಯಿಂದ ತಿರುಪತಿಗೆ ನಡೆದುಕೊಂಡೇ ಹೋದರು. 2022ರ ಮಾರ್ಚಿನಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. 2024ರಲ್ಲಿ ಸರ್ಕಾರ ಬದಲಾಗಿ ಕೆಲಸ ಮತ್ತೆ ಶುರುವಾಯಿತು. ಆ ಮಧ್ಯದ ಐದು ವರ್ಷ ಹೊಲವೂ ಇಲ್ಲದೆ ಸೈಟೂ ಇಲ್ಲದೆ ಕಳೆದವರ ಬಗ್ಗೆ ಯೋಚಿಸಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಚುನಾವಣೆಯ ಜೊತೆ ರಾಜಧಾನಿಯೂ ಬದಲಾಗುವುದು ಸರಿಯಲ್ಲ. ನಾನು ಇದನ್ನು ಯಾವ ಪಕ್ಷದ ಪರವಾಗಿಯೂ ಹೇಳುತ್ತಿಲ್ಲ.

ಚಂಡೀಗಢದ ಕಥೆ ನಿಮಗೆ ಗೊತ್ತಿರಬಹುದು. ದೇಶ ಒಡೆದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ರಾಜಧಾನಿ ಇಲ್ಲದ ರಾಜ್ಯ ಉಳಿಯಿತು. ಸದ್ಯಕ್ಕೆ ಅಂತ ಶಿಮ್ಲಾದಿಂದ ಆಡಳಿತ ನಡೆಸಿದರು. ಆಮೇಲೆ ಬಯಲಿನಲ್ಲಿ ಹೊಸ ಊರು. ಮೊದಲು ನಕ್ಷೆ ಹಾಕಿದವರು ಅಮೆರಿಕದ ನಗರ ಯೋಜಕ ಆಲ್ಬರ್ಟ್ ಮೇಯರ್. ಅವರ ಜೊತೆಗಾರ ನೋವಿಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಬಂದವರು ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ. 1966ರ ನವೆಂಬರ್ 1ಕ್ಕೆ ಹರಿಯಾಣ ಬೇರೆ ಆದಾಗ ಇಬ್ಬರೂ ಊರು ನಮ್ಮದು ಅಂದರು. ಇಬ್ಬರಿಗೂ ಕೊಟ್ಟರು, ಊರನ್ನು ಮಾತ್ರ ಕೇಂದ್ರ ಇಟ್ಟುಕೊಂಡಿತು. ಹಾಗಾಗಿ ಇವತ್ತಿಗೂ ಎರಡು ರಾಜ್ಯದ ಸರ್ಕಾರಗಳು ತಮ್ಮದಲ್ಲದ ನೆಲದ ಮೇಲೆ ಕೂತಿವೆ.

ಭುವನೇಶ್ವರದ ಬಗ್ಗೆ ನಮಗೆ ಒಂದು ಹೆಮ್ಮೆಯ ಸಂಗತಿ ಇದೆ. ಒಡಿಶಾದವರು ಕಟಕ್ ಬಿಟ್ಟು ಹೊಸ ರಾಜಧಾನಿ ಕಟ್ಟಲು ಹೊರಟರು. 1948ರ ಏಪ್ರಿಲ್ 13ರಂದು ನೆಹರೂ ಅಡಿಗಲ್ಲು ಹಾಕಿದರು. ನಗರದ ನಕ್ಷೆ ಮಾಡಿದವರು ಆಟೋ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ಯಹೂದಿ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಬಂದ ಅವರಿಗೆ ಕೆಲಸ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. 1939ರಿಂದ ಅವರು ಇಲ್ಲಿ ಸರ್ಕಾರಿ ವಾಸ್ತುಶಿಲ್ಪಿ ಆಗಿದ್ದರು.

ಕಟಕ್ಕಿಗೆ ಏನು ಉಳಿಯಿತು? ಹೈಕೋರ್ಟ್. ಇದನ್ನು ಗಮನಿಸಿ ನೋಡಿ, ನಮ್ಮ ದೇಶದಲ್ಲಿ ಇದೊಂದು ಪದ್ಧತಿಯೇ ಆಗಿಬಿಟ್ಟಿದೆ. ಅಣ್ಣತಮ್ಮ ಪಾಲು ಆಗುವಾಗ ಮನೆ ದೊಡ್ಡವನಿಗೆ, ತೋಟ ಚಿಕ್ಕವನಿಗೆ ಅಂತಾರಲ್ಲ, ಹಾಗೆ. ಮಧ್ಯಪ್ರದೇಶದಲ್ಲಿ ಭೋಪಾಲಕ್ಕೆ ರಾಜಧಾನಿ, ಜಬಲ್ಪುರಕ್ಕೆ ಹೈಕೋರ್ಟ್. ಕೇರಳದಲ್ಲಿ ತಿರುವನಂತಪುರ ಮತ್ತು ಕೊಚ್ಚಿ. ಛತ್ತೀಸಗಢದಲ್ಲಿ ರಾಯಪುರ ಮತ್ತು ಬಿಲಾಸ್‌ಪುರ. ಉತ್ತರಾಖಂಡದಲ್ಲಿ ಡೆಹ್ರಾಡೂನ್, ನೈನಿತಾಲ್, ಅದು ಸಾಲದು ಅಂತ 2020ರಲ್ಲಿ ಗೈರ್‌ಸೈಣ್ ಬೇಸಿಗೆ ರಾಜಧಾನಿ ಅಂತ ಘೋಷಣೆ. ಬೆಟ್ಟದ ಜನರಿಗೆ ಅಂತ ಕೇಳಿ ಪಡೆದ ರಾಜ್ಯದ ರಾಜಧಾನಿ ಬೆಟ್ಟದ ಬುಡದಲ್ಲಿ ಕೂತಿತ್ತು. ಅವರ ಸಂಕಟ ನನಗೆ ಅರ್ಥವಾಗುತ್ತದೆ.

ಜಮ್ಮು ಕಾಶ್ಮೀರದ ದರ್ಬಾರ್ ಕೂಡ ಹಾಗೆಯೇ. 1872ರಲ್ಲಿ ಮಹಾರಾಜ ರಣಬೀರ್ ಸಿಂಗ್ ಶುರು ಮಾಡಿದ್ದು. ಬೇಸಿಗೆಯಲ್ಲಿ ಸರ್ಕಾರ ಶ್ರೀನಗರದಲ್ಲಿ, ಚಳಿಗಾಲದಲ್ಲಿ ಜಮ್ಮುವಿನಲ್ಲಿ. ವರ್ಷಕ್ಕೆರಡು ಸಲ ಫೈಲುಗಳನ್ನು ಪೆಟ್ಟಿಗೆಗೆ ತುಂಬಿ ಲಾರಿಯಲ್ಲಿ ಸಾಗಿಸುತ್ತಿದ್ದರು. ಖರ್ಚು ದಂಡ ಅಂತ 2021ರಲ್ಲಿ ನಿಲ್ಲಿಸಿದರು. ಚಳಿಗಾಲದ ವ್ಯಾಪಾರ ಹೋಯಿತು ಅಂತ ಗೋಳಾಡಿದವರು ಜಮ್ಮುವಿನ ಅಂಗಡಿಯವರು. 2025ರಲ್ಲಿ ಮತ್ತೆ ಶುರುವಾಯಿತು.

ಕೇಂದ್ರಾಡಳಿತ ಪ್ರದೇಶಗಳ ಬಗ್ಗೆ ಒಂದೇ ಮಾತು. ಲಕ್ಷದ್ವೀಪದ ಆಡಳಿತ ಕಚೇರಿ 1964ರ ತನಕ ಕಲ್ಲಿಕೋಟೆಯಲ್ಲಿತ್ತು. ದ್ವೀಪದವರು ಸಮುದ್ರ ದಾಟಿ ಬಂದು ಸಹಿ ಹಾಕಿಸಿಕೊಳ್ಳಬೇಕಿತ್ತು. ಆಮೇಲೆ ಕವರತ್ತಿಗೆ ಹೋಯಿತು. ಪುದುಚೇರಿಯ ಮಾಹೆ ಇರುವುದು ಕೇರಳದ ಕಡಲ ದಂಡೆಯಲ್ಲಿ, ಯಾಣಂ ಇರುವುದು ಆಂಧ್ರದ ಕಾಕಿನಾಡದ ಹತ್ತಿರ. ಅವರ ರಾಜಧಾನಿ ಇನ್ನೊಂದು ರಾಜ್ಯದ ಆಚೆ ಇದೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಶಿರಾ ಒಂದು ಕಾಲದಲ್ಲಿ ರಾಜಧಾನಿ ಆಗಿತ್ತು ಅಂದರೆ ಎಷ್ಟೋ ಮಕ್ಕಳು ನಂಬುವುದಿಲ್ಲ. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಮರುವರ್ಷವೇ ಶಿರಾ ಸುಭಾ ಅಂತ ಮೊಗಲರ ಒಂದು ಪ್ರಾಂತ್ಯ ಆಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಹೀಗೆ ಏಳು ಪರಗಣೆ. ಕೋಲಾರದವರು ಆಗ ಕಾಗದ ಹಿಡಿದುಕೊಂಡು ಶಿರಾಕ್ಕೆ ಬರಬೇಕಿತ್ತು. 1761ರಲ್ಲಿ ಹೈದರಾಲಿ ಗೆದ್ದ. ಟಿಪ್ಪುವಿನ ಕಾಲದಲ್ಲಿ ಇಲ್ಲಿನ ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದರು. ಅಲ್ಲಿಗೆ ಶಿರಾ ಬರಿದಾಯಿತು. ಹೋದ ತಿಂಗಳು ಹೋಗಿ ನೋಡಿಕೊಂಡು ಬಂದೆ. 1696ರ ಜುಮ್ಮಾ ಮಸೀದಿಯ ಕಲ್ಲು ಈಗಲೂ ಗಟ್ಟಿಯಾಗಿದೆ. ಕೋಟೆಯ ಕಂದಕದ ಪಕ್ಕ ಒಬ್ಬರು ಎಮ್ಮೆ ಮೇಯಿಸುತ್ತಿದ್ದರು. ಸುಬೇದಾರರ ಅರಮನೆ ಎಲ್ಲಿತ್ತು ಅಂತ ಕೇಳಿದೆ. "ಇಲ್ಲೇ ಎಲ್ಲೋ ಅಂತಾರೆ ಕಣಮ್ಮಾ" ಅಂದರು.

ಮೈಸೂರಿಗೂ ಇಂಥದ್ದೇ ಆಯಿತು, ಆದರೆ ಅದು ಬರಿದಾಗಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡರು, ಕಚೇರಿಗಳು ಬೆಂಗಳೂರಿಗೆ ಬಂದವು. ದೊರೆ ಮೈಸೂರಿನಲ್ಲಿ, ಕಡತ ಬೆಂಗಳೂರಿನಲ್ಲಿ. 1868ಕ್ಕೆ ಮುಗಿದ ಅಠಾರಾ ಕಚೇರಿಯಲ್ಲಿ ಹದಿನೆಂಟು ಇಲಾಖೆ. ಅಠಾರಾ ಅಂದರೆ ಹದಿನೆಂಟು ತಾನೇ. ಈಗ ಅಲ್ಲಿ ಹೈಕೋರ್ಟ್ ಇದೆ. ಎದುರಿಗೆ ವಿಧಾನಸೌಧ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆಗಿದ್ದಾಗ, 1951ರ ಜುಲೈ 13ಕ್ಕೆ ಅದಕ್ಕೆ ಅಡಿಗಲ್ಲು. ಮುಂದೆ ಕೆಂಗಲ್ ಹನುಮಂತಯ್ಯ ಆ ಕಟ್ಟಡದ ರೂಪವನ್ನೇ ಬದಲಾಯಿಸಿ ಈಗ ನಾವು ನೋಡುವ ಸೌಧ ಕಟ್ಟಿಸಿದರು. ಅಲಂಕಾರಕ್ಕೆ ಬಳಸಿದ ಕಲ್ಲಿನಲ್ಲಿ ನಮ್ಮ ತುರುವೇಕೆರೆಯ ಕರಿಕಲ್ಲೂ ಇದೆ. ಮುಂದಿನ ಸಲ ಹೋದಾಗ ಹುಡುಕಿ ನೋಡಿ.

1956ಕ್ಕೆ ಮುಂಚೆ ಕನ್ನಡಿಗರಿಗೆ ಒಂದು ರಾಜಧಾನಿ ಇರಲಿಲ್ಲ. ನಮಗೆ ಬೆಂಗಳೂರು. ಧಾರವಾಡ, ಬೆಳಗಾವಿಯವರಿಗೆ ಮುಂಬಯಿ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್. ಮಂಗಳೂರಿನವರಿಗೆ ಮದರಾಸು. ಕೊಡಗಿನವರಿಗೆ ಅವರದ್ದೇ ಮಡಿಕೇರಿ. ಒಂದಾದದ್ದು ದೊಡ್ಡ ಸಂತೋಷ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದಾದಾಗ ಕೆಲವರಿಗೆ ದಾರಿ ಉದ್ದ ಆಯಿತು. ಅದು ನನಗೆ ಗೊತ್ತಾದದ್ದು ಪುಸ್ತಕದಿಂದ ಅಲ್ಲ.

ನಮ್ಮಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರಬೇಕಿತ್ತು. ಒಂದು ಕಾಗದದಲ್ಲಿ ಅಪ್ಪನ ಹೆಸರಿನ ಮುಂದಿನ ಅಕ್ಷರ ತಪ್ಪಾಗಿತ್ತು. ಅದಕ್ಕಾಗಿ ಬೆಂಗಳೂರಿನ ಒಂದು ಕಚೇರಿಗೆ ಅಮ್ಮನನ್ನು ಕರೆದುಕೊಂಡು ನಾಲ್ಕು ಸಲ ಹೋದೆ. ಬೆಳಗ್ಗೆ ಐದು ಗಂಟೆಯ ಬಸ್ಸು, ಅಮ್ಮನ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ. ಒಂದು ಸಲ ಸಾಹೇಬರು ರಜ. ಒಂದು ಸಲ ಮೀಟಿಂಗ್. ಮೂರನೇ ಸಲ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿದ್ದರು. ಬಿಳಿ ಟೋಪಿ, ಕಾಲಿನ ಹತ್ತಿರ ಒಂದು ಚೀಲ. ಬೀದರಿನವರು. ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ಅವರಿಗೂ ಅವತ್ತು ಕೆಲಸ ಆಗಲಿಲ್ಲ. ಅಮ್ಮ ಡಬ್ಬಿಯ ಮುಚ್ಚಳದಲ್ಲಿ ಅವರಿಗೂ ಚಿತ್ರಾನ್ನ ಹಾಕಿಕೊಟ್ಟರು. ತಿನ್ನುತ್ತಾ ಅವರು ಹೇಳಿದರು: "ನಮಗ ಹೈದ್ರಾಬಾದ ಸಮೀಪ ರೀ. ಮುಂಜಾನಿ ಹೋದ್ರ ಸಂಜಿಗಿ ಮನಿಗಿ ಬರ್ತೀವಿ. ಆದ್ರ ನಮ್ಮ ಕಾಗದ ಅಲ್ಲಿ ನಡ್ಯಂಗಿಲ್ಲ."

ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗೆ ಸುಮಾರು 690. ನಮ್ಮ ತುಮಕೂರಿನಿಂದ ಬೆಂಗಳೂರಿಗೆ ಎಪ್ಪತ್ತು. ಕೋಲಾರದವರಿಗೂ ಹೆಚ್ಚುಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರದವರಿಗೆ ಇನ್ನೂ ಕಡಿಮೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ನೆಲಮಂಗಲ ದಾಟಿದ ಮೇಲೆ "ಅವರು ಇನ್ನೂ ಬಸ್ ಹತ್ತೇ ಇರಲ್ಲ ಅಲ್ವಾ?" ಅಂದರು.

ಅದಕ್ಕೇ ಬೆಳಗಾವಿಯಲ್ಲಿ ಅಧಿವೇಶನ ಅಂದಾಗ ದಂಡ ಖರ್ಚು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 2006ರಲ್ಲಿ ಮೊದಲ ಸಲ ಅಲ್ಲಿ ಅಧಿವೇಶನ ಆಯಿತು. 2012ರ ಅಕ್ಟೋಬರ್ 11ಕ್ಕೆ ಸುವರ್ಣ ವಿಧಾನಸೌಧ ಉದ್ಘಾಟನೆ. ವರ್ಷದಲ್ಲಿ ಬಹುಪಾಲು ದಿನ ಅದು ಖಾಲಿ ಇರುತ್ತದೆ, ಅದು ನಿಜ. ಖಾಲಿ ಬಿಡುವುದು ತಪ್ಪು, ಕಟ್ಟಿದ್ದು ತಪ್ಪಲ್ಲ. ಒಂದಷ್ಟು ಇಲಾಖೆಗಳ ಮುಖ್ಯ ಕಚೇರಿಯನ್ನು ಕಾಯಂ ಆಗಿ ಅಲ್ಲಿಗೆ ಕಳಿಸಬೇಕು ಅಂತ ಆ ಭಾಗದವರು ಕೇಳುತ್ತಲೇ ಇದ್ದಾರೆ. ಬೆಂಗಳೂರಿನ ಪಕ್ಕದಲ್ಲಿರುವ ನಾವೂ ಅವರ ಜೊತೆ ದನಿ ಸೇರಿಸಬೇಕು. ಹೈಕೋರ್ಟಿನ ವಿಷಯದಲ್ಲಿ ಅದು ಆಗಿದೆ. 2008ರಲ್ಲಿ ಧಾರವಾಡ, ಕಲಬುರಗಿಗೆ ಸಂಚಾರಿ ಪೀಠ ಬಂದವು, 2013ರಲ್ಲಿ ಕಾಯಂ ಆದವು. ಕಲಬುರಗಿಯ ರೈತ ಈಗ ಜಮೀನಿನ ಕೇಸಿಗೆ ರಾತ್ರಿ ಬಸ್ ಹತ್ತಬೇಕಿಲ್ಲ. ಪಹಣಿಗೆ ತಾಲ್ಲೂಕು ಕಚೇರಿಗೆ ಅಲೆಯುವುದೂ ಕಡಿಮೆ ಆಗಿದೆ. ಹೋಬಳಿಯ ನಾಡಕಚೇರಿಯಲ್ಲೇ ಸಿಗುತ್ತದೆ, ಮೊಬೈಲಿನಲ್ಲೂ ನೋಡಬಹುದು. ರಾಜಧಾನಿಯನ್ನು ಹೊತ್ತುಕೊಂಡು ಹೋಗಿ ಇನ್ನೊಂದು ಕಡೆ ಇಡುವುದಕ್ಕಿಂತ ಇದು ಒಳ್ಳೆಯ ದಾರಿ ಅಂತ ನನ್ನ ಅನಿಸಿಕೆ. ಊರು ಅಲ್ಲೇ ಇರಲಿ, ಸಹಿ ಮಾತ್ರ ಹಳ್ಳಿಗೆ ಬರಲಿ. ಯಾರ ಹೊಲವೂ ಹೋಗುವುದಿಲ್ಲ.

ನಾನು ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಕಾಲೇಜಿನ ಒಬ್ಬ ಹುಡುಗ, ಬೆಂಗಳೂರು ಹತ್ತಿರ ಇರುವುದರಿಂದ ನಮಗೆ ಬರೀ ಲಾಭವೇನಾ ಅಂತ ಕೇಳಿದ. ಅಲ್ಲ. ಬೆಳಗಿನ ರೈಲಿನಲ್ಲಿ ನಿಂತುಕೊಂಡು ಹೋಗುವವರನ್ನು ಕೇಳು, ಊರ ಸುತ್ತ ಸೈಟಿನ ರೇಟು ಕೇಳು ಅಂದೆ. ಇನ್ನೊಬ್ಬರು ಮಧುಗಿರಿ ಜಿಲ್ಲೆ ಆಗಬೇಕೋ ಬೇಡವೋ ಅಂತ ಕೇಳಿದರು. ಆಗಲಿ ಅಂತಲೇ ನನ್ನ ಮಾತು ಅಂದೆ. ಏಕೆ ಅಂತ ಹೇಳಲು ಬಾಯಿ ತೆಗೆಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಪಾವಗಡದವರು ಎದ್ದರು. ಮೂರು ಜನ ಹೆಂಗಸರು, ಒಬ್ಬ ಹುಡುಗ. ಅವರಿಗೆ ಇಲ್ಲಿಂದ ನೂರು ಕಿಲೋಮೀಟರಿನ ಹತ್ತಿರ ದಾರಿ.

"ತಪ್ಪು ತಿಳ್ಕೋಬೇಡಿ ಮೇಡಂ, ಈ ಬಸ್ ತಪ್ಪಿದರೆ ಮತ್ತೆ ಇಲ್ಲ" ಅಂದರು.

ಕೊಸಂಬರಿಯ ಪೊಟ್ಟಣಗಳನ್ನು ಅವರ ಚೀಲಕ್ಕೆ ಹಾಕಿಕೊಟ್ಟು, ಸಂಘಟಕರ ಬೈಕ್ ಮತ್ತು ಒಂದು ಆಟೋದಲ್ಲಿ ಅವರನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದೆವು. ಉಳಿದ ಪ್ರಶ್ನೆ ಅಲ್ಲಿಗೇ ನಿಂತವು.